ಸಿಮೆಂಟಿಗೆ ಬಿಟ್ಟ ಜಾಗ

ಮೂಡಲಗಿರಿಯಪ್ಪನಿಗೆ ಜಂಬ ಇಲ್ಲ ಎಂದು ಬರೆದರೆ ಮೊದಲ ಸಾಲಿನಲ್ಲೇ ಸುಳ್ಳು ಹೇಳಿದ ಹಾಗಾಗುತ್ತದೆ. ಇದೆ, ಬೇಕಾದಷ್ಟಿದೆ. ಐವತ್ತೆರಡು ವರ್ಷದ ಮನುಷ್ಯ. ತಾನು ಮಾಡಿದ ಹಲ್ಲಿನ ಕ್ಯಾಪನ್ನು ಅಂಗೈಯಲ್ಲಿಟ್ಟುಕೊಂಡು ಬೆಳಕಿಗೆ ಹಿಡಿಯುವಾಗ ಅವನ ಮುಖ ನೋಡಬೇಕು, ಮೊದಲ ಮೊಮ್ಮಗುವನ್ನು ಎತ್ತಿಕೊಂಡವರ ಮುಖವೂ ಅಷ್ಟು ಅರಳುವುದಿಲ್ಲ. “ನನ್ನ ಕ್ಯಾಪಿಗೂ ಹಲ್ಲಿಗೂ ನಡುವೆ ಕೂದಲು ತೂರಲ್ಲ” ಎನ್ನುವುದು ಅವನ ಖಾಯಂ ಮಾತು. ಕೇಳುವವರು ಸಿಕ್ಕರೆ ಅವರಿಗೆ ಹೇಳುತ್ತಾನೆ, ಸಿಗದಿದ್ದರೆ ಹೆಂಡತಿಗೆ ಹೇಳುತ್ತಾನೆ. ಕದಿರಮ್ಮ ಅವನ ಅಕ್ಕನ ಮಗಳು, ಮದುವೆಯಾಗಿ ಇಪ್ಪತ್ತೈದು ವರ್ಷವಾದರೂ ಇನ್ನೂ ‘ಮಾವ’ ಎಂದೇ ಕರೆಯುತ್ತಾಳೆ. ಅವನು ಬಾಯಿ ತೆರೆಯುವ ಮೊದಲೇ “ಕೂದಲು ತೂರಲ್ಲ, ಗೊತ್ತು ಮಾವ, ಬಂದು ಉಣ್ಣು” ಎಂದುಬಿಡುತ್ತಾಳೆ.

ಆ ಕೂದಲಿನ ಮಾತೇ ಅವನಿಗೆ ಹೇಗೆ ಮುಳುವಾಯಿತು ಎನ್ನುವುದನ್ನು ನಾನು ಹೇಳಹೊರಟಿದ್ದೇನೆ.

ಮೂಡಲಗಿರಿಯಪ್ಪ ಡಾಕ್ಟರಲ್ಲ. ಡಾಕ್ಟರುಗಳು ಮುರಿದ ಹಲ್ಲನ್ನು ಸುತ್ತಲೂ ತೇಯ್ದು ಸಣ್ಣದು ಮಾಡಿ, ಅದರ ಅಚ್ಚು ತೆಗೆದು ಡಬ್ಬಿಯಲ್ಲಿಟ್ಟು ಬಸ್ಸಿಗೆ ಹಾಕುತ್ತಾರೆ. ಡಬ್ಬಿ ಮಡಕಶಿರಕ್ಕೆ ಬಂದಿಳಿಯುತ್ತದೆ. ಇವನು ಆ ಅಚ್ಚಿಗೆ ಪ್ಲಾಸ್ಟರ್ ಸುರಿದು ಗಟ್ಟಿ ಹಲ್ಲು ಮಾಡಿಕೊಂಡು, ಅದರ ಮೇಲೆ ಮೇಣದಲ್ಲಿ ಹೊಸ ಹಲ್ಲಿನ ರೂಪ ತಿದ್ದಿ, ಆ ಮೇಣ ಕರಗಿ ಖಾಲಿಯಾದ ಜಾಗಕ್ಕೆ ಕುಲುಮೆಯಲ್ಲಿ ಬಿಸಿ ಸೆರಾಮಿಕ್ ಒತ್ತಿ ಕ್ಯಾಪ್ ತೆಗೆಯುತ್ತಾನೆ. ಮೊದಲೆಲ್ಲ ಲೋಹದ ಕ್ಯಾಪ್, ಹಲ್ಲಿನದೇ ಬಣ್ಣದ ಈ ಸೆರಾಮಿಕ್ ಈಚೆಗೆ ಬಂದದ್ದು. ಕ್ಯಾಪ್ ಮತ್ತೆ ಅದೇ ಬಸ್ಸಿನಲ್ಲಿ ವಾಪಸು. ಯಾರ ಹಲ್ಲು, ಯಾರ ಬಾಯಿ, ಅವರು ನಕ್ಕರೆ ಹೇಗೆ ಕಾಣುತ್ತಾರೆ, ಇವನಿಗೆ ಗೊತ್ತಿರುವುದಿಲ್ಲ. ಹಲ್ಲುಗಳೊಂದಿಗೆ ಬದುಕಿದವನು, ಬಾಯಿಗಳನ್ನು ಕಂಡವನಲ್ಲ.

ಈ ವಿದ್ಯೆ ಅವನಿಗೆ ಕೂತು ಓದಿ ಬಂದದ್ದಲ್ಲ. ಅಮರಾಪುರದ ಹತ್ತಿರದ ಹಳ್ಳಿಯವನು, ಮನೆಯಲ್ಲಿ ಕಡಲೆಕಾಯಿ, ರಾಗಿ, ಹತ್ತಿಪ್ಪತ್ತು ಕುರಿ. ಹದಿನೆಂಟಕ್ಕೆ ತುಮಕೂರಿನ ಕಡೆ ಒಂದು ದಂತ ಕಾಲೇಜಿನಲ್ಲಿ ಪ್ಲಾಸ್ಟರ್ ಮೂಟೆ ಹೊರುವ ಕೆಲಸಕ್ಕೆ ಸೇರಿದ. ಹೊತ್ತ ಪ್ಲಾಸ್ಟರನ್ನು ಏನು ಮಾಡುತ್ತಾರೆ ಎಂದು ಇಣುಕಿ ನೋಡಿದ. ಅಲ್ಲಿದ್ದ ಹಿರಿಯ ಕಸುಬುದಾರರೊಬ್ಬರು “ಸುಮ್ಮನೆ ನೋಡ್ತಾ ನಿಂತ್ಕೋಬೇಡ, ಕೂತು ಮಾಡು” ಎಂದು ಕೈಗೆ ಮೇಣದ ಚಾಕು ಕೊಟ್ಟರು. ಹನ್ನೆರಡು ವರ್ಷ ಅಲ್ಲಿದ್ದು ಊರ ಕಡೆ ಬಂದು, ಮಡಕಶಿರದಲ್ಲಿ ಒಂದು ಕೋಣೆ ಹಿಡಿದು ಲ್ಯಾಬ್ ತೆರೆದ. ಕಾಲೇಜಿನವರು ಬೇಡವೆಂದು ತೆಗೆದ ಹಳೇ ಕುಲುಮೆಯನ್ನು ರಿಪೇರಿ ಮಾಡಿಸಿ ತಂದ. ಆ ಕುಲುಮೆಯ ಮೂತಿ ನೋಡಿದರೆ ಯಾರೂ ನಂಬುವುದಿಲ್ಲ, ಆದರೆ ಅದರಿಂದ ಹೊರಬಂದ ಹಲ್ಲುಗಳು ಹಿಂದೂಪುರ, ಕಲ್ಯಾಣದುರ್ಗ, ರಾಯದುರ್ಗದ ಬಾಯಿಗಳಲ್ಲಿ ರೊಟ್ಟಿ ಅಗಿಯುತ್ತಿವೆ.

ಕೋಣೆಯೊಳಗೆ ಕಾಲಿಟ್ಟವರು ಮೊದಲು ನಗುವುದು ಕಿಟಕಿಯ ಮೇಲಿನ ಉಗುರು ಬಣ್ಣದ ಸೀಸೆಗಳನ್ನು ನೋಡಿ. ಕೆಂಪು, ಗುಲಾಬಿ, ಒಂದು ನೇರಳೆ. ಅವು ಕದಿರಮ್ಮನವಲ್ಲ, ಹಿಪ್ಪುನೇರಳೆ ಸೊಪ್ಪು ಕೊಯ್ದು ಕಪ್ಪಾದ ಆ ಉಗುರುಗಳಿಗೆ ಯಾವ ಬಣ್ಣವೂ ನಿಲ್ಲದು. ಅವು ಪ್ಲಾಸ್ಟರ್ ಹಲ್ಲಿಗೆ. ಮೇಣ ಕೂರಿಸುವ ಮೊದಲು ಪ್ಲಾಸ್ಟರ್ ಹಲ್ಲಿಗೆ ಬಣ್ಣ ಬಳಿದರೆ ಅದು ಚೂರೇ ಚೂರು ದಪ್ಪವಾಗುತ್ತದೆ. ಆ ದಪ್ಪದ ಮೇಲೆ ಮಾಡಿದ ಕ್ಯಾಪ್ ನಿಜವಾದ ಹಲ್ಲಿಗಿಂತ ಅಷ್ಟೇ ಚೂರು ದೊಡ್ಡದಾಗುತ್ತದೆ. ಕೊನೆಗೆ ಬಣ್ಣ ತೊಳೆದರೆ ಉಳಿಯುವ ಆ ಚೂರೇ ಸಿಮೆಂಟಿನ ಜಾಗ. ಮೊದಲು ಕೆಂಪು, ಒಣಗಿದ ಮೇಲೆ ಗುಲಾಬಿ, ಎರಡು ಪದರ. ಅಂಚಿನ ಬಳಿ ಮಾತ್ರ ಬಣ್ಣ ತಾಕಿಸಬಾರದು, ಅಲ್ಲಿ ಕ್ಯಾಪ್ ಹಲ್ಲನ್ನು ಬಿಗಿಯಾಗಿ ಅಪ್ಪಬೇಕು. ಹಿರಿಯರು ಕಲಿಸಿದ್ದು ಹೀಗೆ. ಪೇಟೆಯ ಫ್ಯಾನ್ಸಿ ಅಂಗಡಿಯವನಿಗೆ ಇದೆಲ್ಲ ಗೊತ್ತಿಲ್ಲ. ತಿಂಗಳಿಗೆ ಎರಡು ಸೀಸೆ ಉಗುರು ಬಣ್ಣ ಒಯ್ಯುವ ಈ ಮನುಷ್ಯನ ಬಗ್ಗೆ ಅವನು ಏನೆಂದುಕೊಂಡಿದ್ದಾನೋ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ರಾಯದುರ್ಗದ ಡಾಕ್ಟರ್ ಚಂದ್ರಮೋಹನ್ ಅವರ ಫೋನ್ ಬಂತು. ಇಪ್ಪತ್ತು ವರ್ಷದಿಂದ ಮೂಡಲಗಿರಿಯಪ್ಪನ ಕೈಲೇ ಕ್ಯಾಪ್ ಮಾಡಿಸುತ್ತಿರುವ ಡಾಕ್ಟರು. ಅವನ ಕೆಲಸದ ಮುಕ್ಕಾಲು ಪಾಲು ಬರುವುದು ಅಲ್ಲಿಂದಲೇ. ಒಳ್ಳೆಯ ಮನುಷ್ಯ, ಮಾತು ಮಾತ್ರ ನೇರ.

“ಮೂಡಲಗಿರಿಯಪ್ಪಾರ, ಈ ತಿಂಗಳು ನಿಮ್ಮವು ನಾಲ್ಕು ಸೆರಾಮಿಕ್ ಕ್ಯಾಪ್ ಎತ್ತರ ಕುಂತಾವ್ರಿ. ಎರಡು ಒಡದಾವ. ಸುಮ್ನ ಇಟ್ಟು ನೋಡಿದ್ರ ಸರಿ ಇರ್ತಾವ, ಸಿಮೆಂಟ್ ಹಾಕಿ ಕೂರಿಸಿದ ಮ್ಯಾಲೆ ಎತ್ತರ. ಮ್ಯಾಲೆ ಮ್ಯಾಲೆ ತೇಯ್ದು ತೇಯ್ದು ಸವದು, ಏನಾರ ಕಡಿದ್ರ ಪಟ್ ಅಂತಾವ.”

“ಸಾರ್, ಇಟ್ಟು ನೋಡ್ದಾಗ ಸರಿ ಐತೆ ಅಂದ್ರೆ ಸಿಮೆಂಟೇ...”

“ಸಿಮೆಂಟ್ ಇಪ್ಪತ್ತು ವರ್ಷದಿಂದ ಅದೇ ಐತ್ರಿ, ಕಲಸೋ ಕೈನೂ ಅದೇ ಐತಿ. ನೀವು ಲೋಹದ ಕ್ಯಾಪ್ ಮಾಡಿ ಕೊಡೋವಾಗ ಒಂದರ ಎತ್ತರ ಆಗಿತ್ತೇನು? ಬದಲಾಗಿದ್ದು ನಿಮ್ಮ ಕ್ಯಾಪ್ ಒಂದೇ. ಬಳ್ಳಾರಿ ಲ್ಯಾಬಿನವರು ಕಂಪ್ಯೂಟರ್ ಮಷಿನ್ನಿನಾಗ ಮಾಡಿ ಕೊಡ್ತೀವಿ ಅಂತಾರ. ಸೋಮವಾರದಿಂದ ಅವರಿಗೇ ಕಳಸಾಣ ಅಂತ ಮಾಡೀನಿ. ನಿಮಗ ಹೇಳ್ದ ಮಾಡಬಾರ್ದು ಅಂತ ಫೋನ್ ಮಾಡಿದೆ.”

ಮೂಡಲಗಿರಿಯಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕೆಲಸ ಹೋಗುತ್ತದೆ, ಅದು ಒಂದು. ಎರಡನೆಯದು ಅದಕ್ಕಿಂತ ಕೆಟ್ಟದ್ದು: ‘ಮೂಡಲಗಿರಿಯಪ್ಪನ ಕ್ಯಾಪ್ ಕೂರುವುದಿಲ್ಲ’ ಎನ್ನುವ ಮಾತು ವಾರದೊಳಗೆ ಕಲ್ಯಾಣದುರ್ಗ ಮುಟ್ಟುತ್ತದೆ, ಇನ್ನೊಂದು ವಾರಕ್ಕೆ ಹಿಂದೂಪುರ. ಆದರೂ ಅವನು ಗೋಗರೆಯಲಿಲ್ಲ. ಗೋಗರೆಯುವುದು ಅವನಿಗೆ ಬರುವುದೂ ಇಲ್ಲ.

“ಒಂದು ವಾರ ಕೊಡಿ ಸಾರ್. ಒಡೆದಿರೋದ್ರಲ್ಲಿ ಒಂದನ್ನ ಮತ್ತೆ ಮಾಡ್ಕಂಡು ನಾನೇ ತತ್ತೀನಿ. ನೀವು ಕೂರಿಸೋದನ್ನ ನಾನು ಕಣ್ಣಾರೆ ನೋಡ್ಬೇಕು.”

ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಮೂವತ್ತು ವರ್ಷದ ಕಸುಬಿನಲ್ಲಿ ತನ್ನ ಕ್ಯಾಪ್ ಒಂದನ್ನಾದರೂ ಬಾಯಿಯಲ್ಲಿ ಅಂಟಿಸುವುದನ್ನು ಅವನು ನೋಡಿರಲಿಲ್ಲ.

ಕದಿರಮ್ಮ ರೇಷ್ಮೆ ಹುಳದ ಮನೆಯಲ್ಲಿ ತಟ್ಟೆಗಳಿಗೆ ಸೊಪ್ಪು ಹರಡುತ್ತಿದ್ದಳು. ಗಂಡ ಬಾಗಿಲಲ್ಲಿ ನಿಂತ ರೀತಿಯಲ್ಲೇ ಏನೋ ಆಗಿದೆ ಎಂದು ಅವಳಿಗೆ ತಿಳಿಯಿತು.

“ಯಾಕ್ ಮಾವ, ಮಕ ಹಿಂಗಾಗೈತೆ?”

ಅವನು ಹೇಳಿದ. ಅವಳು ಸೊಪ್ಪು ಹರಡುವುದನ್ನು ನಿಲ್ಲಿಸಲಿಲ್ಲ.

“ಒಂದ್ ವ್ಯಾಳೆ ತಪ್ಪು ನಿಂದೇ ಆಗಿದ್ರೆ?”

“ನಂದಾ? ಕೂದಲು...”

“ಕೂದಲು ತೂರಲ್ಲ, ಅದಿರ್ಲಿ. ನಿಂದೇ ಆಗಿದ್ರೆ ಏನ್ ಮಾಡ್ತೀಯ ಅಂತ ಕೇಳ್ದೆ.”

“ನಂದೇ ಆಗಿದ್ರೆ ಅಲ್ಲೇ, ಎಲ್ರ ಮುಂದೇನೇ ನಂದು ಅಂದು ಬತ್ತೀನಿ. ಆದ್ರೆ ನಂದಲ್ಲ ಕಣೆ.”

ನಾಲ್ಕು ದಿನದಲ್ಲಿ ಕ್ಯಾಪ್ ಸಿದ್ಧವಾಯಿತು. ಮೊದಲಿನಂತೆಯೇ ಮಾಡಿದ, ಒಂದು ಗೀರೂ ಬದಲಿಸಲಿಲ್ಲ. ಬೆಳಿಗ್ಗೆ ಮೊದಲ ಬಸ್ಸು ಹತ್ತಿ, ಕಲ್ಯಾಣದುರ್ಗದಲ್ಲಿ ಇಳಿದು ಬೇರೆ ಬಸ್ಸು ಹಿಡಿದು, ಹತ್ತೂವರೆಗೆ ರಾಯದುರ್ಗ ತಲುಪಿದ. ಪ್ಲಾಸ್ಟರ್ ಹಲ್ಲು ಮತ್ತು ಕ್ಯಾಪ್ ಇದ್ದ ಡಬ್ಬಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲಿಂದ ಕೆಳಗಿಡಲಿಲ್ಲ.

ಕ್ಲಿನಿಕ್ಕು ಜೀನ್ಸ್ ಹೊಲಿಯುವ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕೆಳಗಿನ ಹೊಲಿಗೆ ಯಂತ್ರಗಳ ಸದ್ದಿಗೆ ಮೆಟ್ಟಿಲೆಲ್ಲ ಗುಯ್‌ಗುಡುತ್ತಿತ್ತು. ಬಾಗಿಲು ತೆಗೆದವಳು ಬೊಮ್ಮಕ್ಕ. ಕ್ಲಿನಿಕ್ಕು ತೆರೆದ ದಿನದಿಂದ, ಅಂದರೆ ಇಪ್ಪತ್ತೆರಡು ವರ್ಷದಿಂದ, ಡಾಕ್ಟರ ಪಕ್ಕದಲ್ಲಿ ನಿಂತು ಸಿಮೆಂಟ್ ಕಲಸುತ್ತಿರುವ ಹೆಣ್ಣುಮಗಳು. ಡಾಕ್ಟರು ಹೇಳಿದ ‘ಅದೇ ಕೈ’ ಇವಳದು.

“ಬರ್ರಿ ಅಣ್ಣಾರ, ಬರ್ರಿ. ಡಬ್ಬಿ ಮ್ಯಾಲೆ ನಿಮ್ಮ ಹೆಸರು ಓದಿ ಓದಿ ಬಾಯಿಪಾಠ ಆಗೈತ್ರಿ. ಮುಖ ಇವತ್ತು ನೋಡಿದ್ನಿ.”

ಬೆಂಚಿನ ಮೇಲೆ ರೋಗಿ ಕೂತಿದ್ದ. ಸೂರಪ್ಪ, ಭೈರವಾನಿತಿಪ್ಪದ ಕಡೆ ಕುರಿ ಕಾಯುವ ಅರವತ್ತರ ಮುದುಕ, ಹುರಿ ಮೀಸೆ, ಹೆಗಲ ಮೇಲೆ ಕಂಬಳಿ. ನಕ್ಕರೆ ಕಾಣುವ ಪಕ್ಕದ ಹಲ್ಲು ಅವನದು. ಬೆಳ್ಳಿ ಬಣ್ಣದ ಕ್ಯಾಪ್ ಹಾಕುತ್ತೇವೆ ಎಂದಿದ್ದಕ್ಕೆ “ನಕ್ಕರ ಮಂದಿಗೆ ಹಲ್ಲು ಕಾಣಬೇಕ್ರಿ, ಪಾತ್ರಿ ಕಾಣಬಾರ್ದು” ಎಂದು ಬಿಳಿಯದನ್ನೇ ಹಾಕಿಸಿಕೊಂಡಿದ್ದ. ಹದಿನೈದು ದಿನಕ್ಕೆ ಅದು ಹುರಿದ ಕಡಲೆಕಾಯಿಗೆ ಎರಡು ಹೋಳಾಗಿತ್ತು.

“ನೀವೇನ್ರಿ ನನ್ನ ಹಲ್ಲು ಮಾಡಿದೋರು?” ಎಂದು ಸೂರಪ್ಪ ಮೇಲಿಂದ ಕೆಳಗೆ ನೋಡಿದ. “ಬಣ್ಣ ಚಲೋ ಮಾಡೀರಿ, ಸುಳ್ಳ್ಯಾಕ. ಆದ್ರ ಬಾಯಾಗ ಕಲ್ಲು ಇಟ್ಕಂಡಂಗ ಇತ್ತು ನೋಡ್ರಿ. ಆ ಕಡೆ ಹಲ್ಲು ಯಾವೂ ಕೂಡ್ತಿರಲಿಲ್ಲ.” ಎಂದವನೇ ಜೇಬಿನಿಂದ ಒಂದು ಕಾಗದದ ಪೊಟ್ಟಣ ತೆಗೆದುಕೊಟ್ಟ. ಒಳಗೆ ಒಡೆದ ಕ್ಯಾಪಿನ ಎರಡು ಚೂರು.

ಮೂಡಲಗಿರಿಯಪ್ಪ ಜೇಬಿನಿಂದ ಭೂತಗನ್ನಡಿ ತೆಗೆದು ಕಿಟಕಿಗೆ ಹೋದ. ತಾನು ಮಾಡಿದ್ದು ಒಡೆದದ್ದನ್ನು ನೋಡುವುದು ಯಾರಿಗೂ ಸುಖದ ಕೆಲಸವಲ್ಲ. ಆದರೆ ಒಂದು ನಿಮಿಷ ನೋಡಿದ ಮೇಲೆ ಅವನ ಹುಬ್ಬು ಮೇಲೇರಿತು. ಕ್ಯಾಪಿನ ಒಳಮೈಗೆ ಸಿಮೆಂಟು ಇನ್ನೂ ಕಚ್ಚಿಕೊಂಡಿತ್ತು, ಅಂಚಿನಿಂದ ನೆತ್ತಿಯ ತನಕ. ಕೂದಲಿನ ಮಾತು ಹಾಗಿರಲಿ, ನೆತ್ತಿಯಲ್ಲಿ ಅದು ಅಂಚೆ ಕಾರ್ಡಿನಷ್ಟು ದಪ್ಪವಿತ್ತು. ಅಷ್ಟು ದಪ್ಪದ ಸಿಮೆಂಟು ಕ್ಯಾಪಿನ ಕೆಳಗೆ ಕೂತರೆ ಕ್ಯಾಪ್ ಎತ್ತರವಾಗದೆ ಇನ್ನೇನಾದೀತು!

“ಸಾರ್, ಸಿಮೆಂಟ್ ಕಲಸೋದನ್ನ ನೋಡ್ಬೇಕು” ಎಂದ.

ಡಾಕ್ಟರು ಬೊಮ್ಮಕ್ಕನಿಗೆ ತಲೆಯಾಡಿಸಿದರು. ಅವಳು ಮೂಲೆಯಲ್ಲಿದ್ದ ಮಣ್ಣಿನ ಮಡಕೆಯ ಕಡೆ ನಡೆದಳು. ಮಡಕೆಗೆ ಒದ್ದೆ ಬಟ್ಟೆ ಸುತ್ತಿತ್ತು, ಬಾಯಿಯ ಮೇಲೆ ಇನ್ನೊಂದು ಬಟ್ಟೆ, ಅದರ ಮೇಲೆ ಒಂದು ದಪ್ಪ ಗಾಜಿನ ಹಲಗೆ. ರಾಯದುರ್ಗದ ಬೇಸಿಗೆಯಲ್ಲಿ ಈ ಸಿಮೆಂಟಿನ ಪುಡಿಗೂ ನೀರಿಗೂ ಜಗಳ. ಬಿಸಿ ಗಾಜಿನ ಮೇಲೆ ಕಲಸಿದರೆ ಕ್ಯಾಪಿಗೆ ತುಂಬುವುದರೊಳಗೆ ಕಲ್ಲಾಗುತ್ತದೆ. ಅದಕ್ಕೆ ಬೊಮ್ಮಕ್ಕ ಕಂಡುಕೊಂಡ ಉಪಾಯ ಈ ಮಡಕೆ. ಗಾಜು ತಣ್ಣಗಿದ್ದರೆ ಸಿಮೆಂಟು ಬೇಗ ಗಟ್ಟಿಯಾಗುವುದಿಲ್ಲ. ಉಪಾಯವೇನೋ ಬಲು ಚೆನ್ನಾಗಿತ್ತು. ಮುಂದಿನದನ್ನು ನೋಡಿ ಮೂಡಲಗಿರಿಯಪ್ಪ ಬಾಯಿ ಮೇಲೆ ಕೈಯಿಟ್ಟುಕೊಂಡ. ತಣ್ಣನೆಯ ಗಾಜು ಪುಡಿಯನ್ನು ಕುಡಿಯುತ್ತಲೇ ಹೋಗುತ್ತದೆ, ಬೊಮ್ಮಕ್ಕ ಹಾಕುತ್ತಲೇ ಹೋದಳು. ಕೊನೆಗೆ ಚಾಕು ಎತ್ತಿದರೆ ಸಿಮೆಂಟು ಅದರ ತುದಿಗೆ ಮುದ್ದೆಯ ಹಾಗೆ ಕಚ್ಚಿಕೊಂಡು ನಿಂತಿತು.

“ಇಷ್ಟು ಗಟ್ಟಿ ಯಾಕಮ್ಮ?”

“ಹಿಂದ ಒಬ್ಬಾತ ಸಡಿಲ ಆದ ಕ್ಯಾಪು ಅನ್ನದ ಸಂಗಾಟ ನುಂಗಿಬಿಟ್ಟಿದ್ದನ್ರಿ. ಮರುದಿನ ಅಣ್ಣ ತಮ್ಮಂದಿರನ್ನ ಕರಕಂಡು ಬಂದು ಈ ಮೆಟ್ಟಿಲ ಮ್ಯಾಲೆ ನಿಂತು ಬಾಯಿಗೆ ಬಂದಂಗ ಬೈದ. ಅವತ್ತಿಂದ ನಾನು ಗಟ್ಟಿನೇ ಕಲಸೋದ್ರಿ. ಇಲ್ಲೀತನ ಒಂದೂ ಬಿದ್ದಿಲ್ಲ.” ಅವಳ ದನಿಯಲ್ಲಿ ಇದ್ದದ್ದು ಮೂಡಲಗಿರಿಯಪ್ಪನಿಗೆ ಚೆನ್ನಾಗಿ ಪರಿಚಯವಿದ್ದ ಸಂಗತಿ. ಅವಳಿಗೂ ಅವಳ ಕೈಯ ಮೇಲೆ ಅವನಷ್ಟೇ ಜಂಬ.

ಬಾಯಿಗೆ ಹಾಕುವ ಮೊದಲು ಪ್ಲಾಸ್ಟರ್ ಹಲ್ಲಿನ ಮೇಲೆ ನೋಡೋಣ ಎಂದು ಅವನು ಕೇಳಿಕೊಂಡ. ಡಾಕ್ಟರು ಒಪ್ಪಿದರು. ಕ್ಯಾಪಿನೊಳಗೂ ಪ್ಲಾಸ್ಟರಿಗೂ ವ್ಯಾಸಲೀನ್ ಸವರಿ, ಬೊಮ್ಮಕ್ಕನ ಸಿಮೆಂಟು ತುಂಬಿ, ಹೆಬ್ಬೆರಳಲ್ಲಿ ಒತ್ತಿದರು. ಬರಿದೇ ಇಟ್ಟಾಗ ಅಂಚು ಎಲ್ಲಿದೆ ಎಂದು ಹುಡುಕಬೇಕಾಗಿದ್ದ ಕ್ಯಾಪ್ ಈಗ ಮೇಲೇ ನಿಂತಿತು. ಡಾಕ್ಟರು ಉಗುರಿನಿಂದ ಅಂಚು ಸವರಿದರು. ಉಗುರು ತಡೆಯಿತು. ಇನ್ನೂ ಬಲವಾಗಿ ಒತ್ತಿದರು. ತಡೆಯುವುದು ತಪ್ಪಲಿಲ್ಲ.

“ಅಯ್ಯ!” ಎಂದರು ಡಾಕ್ಟರು, ಮೆಲ್ಲಗೆ.

ಮೂಡಲಗಿರಿಯಪ್ಪನ ಮನಸ್ಸು ಒಳಗೊಳಗೇ ಕುಣಿಯಿತು. ಬಚಾವಾದೆ ಎಂದುಕೊಂಡ. ತಪ್ಪು ನನ್ನದಲ್ಲ ಎಂದು ಬಸ್ಸು ಹತ್ತುವ ಮೊದಲೇ ಹೆಂಡತಿಗೆ ಫೋನ್ ಮಾಡಬೇಕು ಎಂದುಕೊಂಡ. ಹಾಗೆಯೇ ಬೊಮ್ಮಕ್ಕನ ಕಡೆ ತಿರುಗಿದ. ಅವಳು ಚಾಕುವನ್ನು ಗಾಜಿನ ಮೇಲಿಟ್ಟು ಎರಡು ಕೈಯನ್ನೂ ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಒರೆಸಿಕೊಂಡಷ್ಟೂ ಮತ್ತೆ ಒರೆಸಿಕೊಳ್ಳುತ್ತಿದ್ದಳು. ಅವನ ಕುಣಿತ ಅಲ್ಲಿಗೆ ನಿಂತಿತು.

ಡಾಕ್ಟರು ಫ್ರಿಜ್ಜಿನ ತಳದಿಂದ ಒಂದು ಪೊಟ್ಟಣ ತೆಗೆದರು. ಎರಡು ಕೊಳವೆ ಜೋಡಿಸಿದ ಸಿರಿಂಜು, ಸೆರಾಮಿಕ್ಕಿಗೆಂದೇ ಬಂದ ರೆಸಿನ್ ಎಂಬ ತೆಳು ಅಂಟಿನ ಸಿಮೆಂಟು. ಕಂಪನಿಯವರು ಕೊಟ್ಟು ಹೋಗಿ ಐದಾರು ತಿಂಗಳಾಗಿತ್ತಂತೆ. “ಇದರ ನಖರಾ ಭಾಳ್ರಿ,” ಎಂದರು, ಸ್ವಲ್ಪ ನಾಚಿಕೆಯಿಂದಲೇ. “ಹಲ್ಲು ಒಣಗಿರಬೇಕು, ಎಂಜಲು ಒಂದು ಹನಿ ತಾಕಬಾರ್ದು, ಗಟ್ಟಿ ಆಗಾಕ ಲೈಟ್ ಹಿಡೀಬೇಕು. ಬೊಮ್ಮಕ್ಕನ ಕೈ ಇರೋವಾಗ ಇದ್ಯಾಕ ಅಂತ ಬಿಟ್ಟಿದ್ದೆ. ಲೋಹಕ್ಕ ನಡೀತಿತ್ತು, ಇದಕ್ಕೂ ನಡೀತೈತಿ ಅಂದ್ಕಂಡೆ.”

ಕ್ಯಾಪನ್ನು ಚೊಕ್ಕ ಮಾಡಿ ಈ ಸಲ ಹೊಸ ಸಿಮೆಂಟು ಹಾಕಿದರು. ಒತ್ತಿದಾಗ ಅದು ಎಣ್ಣೆಯ ಹಾಗೆ ಸುತ್ತಲಿನಿಂದ ಹೊರಗೆ ಉಕ್ಕಿತು, ಕ್ಯಾಪ್ ಸರಕ್ಕನೆ ಕೆಳಗಿಳಿಯಿತು. ಡಾಕ್ಟರ ಮುಖ ಅರಳಿತು. ಉಗುರಿನಿಂದ ಸವರಿ, “ಸಾಕು ಬಿಡ್ರಿ, ಒಂದು ಎಳೆ ಎತ್ತರ ಉಳದೈತಿ, ಅದನ್ನ ಮ್ಯಾಲೆ ತೇಯ್ದು ಸರಿ ಮಾಡ್ತೀನಿ. ತಪ್ಪು ನಮ್ಮ ಸಿಮೆಂಟಿಂದೇ. ನಿಮ್ಮನ್ನ ಅಂದು ತಪ್ಪು ಮಾಡಿದೆ ಮೂಡಲಗಿರಿಯಪ್ಪಾರ” ಎಂದರು.

ಇಷ್ಟಕ್ಕೆ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಕೆಲಸ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು, ಡಾಕ್ಟರೇ ತಪ್ಪೊಪ್ಪಿಕೊಂಡಿದ್ದರು. ಆದರೆ ಆ ಒಂದು ಎಳೆ ಮೂಡಲಗಿರಿಯಪ್ಪನ ಕಣ್ಣಿಗೆ ಚುಚ್ಚಿತು. ಎಣ್ಣೆಯಂಥ ಸಿಮೆಂಟಿಗೂ ಅದು ಯಾಕೆ ಉಳಿಯಬೇಕು? ಉತ್ತರ ಅವನಿಗೆ ಗೊತ್ತಿತ್ತು. ಬೊಮ್ಮಕ್ಕನ ಸಿಮೆಂಟು ನೋಡಿದಾಗಲೇ ಒಳಗೆಲ್ಲೋ ಗೊತ್ತಾಗಿತ್ತು, ಹೇಳದಿದ್ದರೆ ಯಾರಿಗೂ ತಿಳಿಯದು ಎನ್ನುವುದೂ ಗೊತ್ತಿತ್ತು.

“ಸಾರ್,” ಎಂದ. “ಈ ಎಳೆ ಸಿಮೆಂಟಿಂದಲ್ಲ. ನಂದು.”

“ಏನಂದ್ರಿ?”

“ಪ್ಲಾಸ್ಟರ್ ಹಲ್ಲಿಗೆ ಉಗುರು ಬಣ್ಣ ಬಳೀತೀನಲ್ಲ, ಸಿಮೆಂಟಿಗೆ ಜಾಗ ಆಗಲಿ ಅಂತ. ಲೋಹದ ಕ್ಯಾಪಿಗೆ ಎರಡು ಪದರ ಬಳೀತಿದ್ದೆ. ಸೆರಾಮಿಕ್ ಬಂದ ಮ್ಯಾಲೆ ಒಂದೇ ಬಳೀತಿದೀನಿ. ಯಾರೂ ಹೇಳ್ಕೊಟ್ಟಿದ್ದಲ್ಲ. ಮೊದಲ ಸೆರಾಮಿಕ್ ಕ್ಯಾಪ್ ನೋಡಿ ನೀವೇ ಅಂದ್ರಿ, ‘ಕೂದಲು ತೂರಲ್ಲ ಮೂಡಲಗಿರಿಯಪ್ಪಾರ’ ಅಂತ. ಅದು ತಲೆಗೇರ್ತು. ಇನ್ನೂ ಬಿಗಿ, ಇನ್ನೂ ಬಿಗಿ ಅಂತ ಮಾಡ್ದೆ. ಕೂದಲಿಗೆ ಜಾಗ ಇಲ್ಲ ಅಂದ್ಮ್ಯಾಲೆ ಸಿಮೆಂಟು ಎಲ್ಲೋದಾತು? ಎರಡು ಪದರದ ಕ್ಯಾಪಾಗಿದ್ರೆ ಈಯಮ್ಮನ ಗಟ್ಟಿ ಸಿಮೆಂಟಿಗೂ ಇಷ್ಟು ಎತ್ತರ ಆಗ್ತಿರ್ಲಿಲ್ಲ. ಇಪ್ಪತ್ತು ವರ್ಷ ಆಗ್ಲಿಲ್ವಲ್ಲ! ಬರೀ ಆಕೆ ತಪ್ಪು ಅಂತ ನೀವು ತಿಳ್ಕಂಡ್ರೆ ಅದು ಅನ್ಯಾಯ.”

ಬೊಮ್ಮಕ್ಕ ಕೈ ಒರೆಸಿಕೊಳ್ಳುವುದನ್ನು ನಿಲ್ಲಿಸಿ ಅವನನ್ನೇ ನೋಡುತ್ತಿದ್ದಳು. ಡಾಕ್ಟರು ಕ್ಯಾಪನ್ನು ಬೆರಳ ನಡುವೆ ತಿರುಗಿಸಿ ಅದರ ಒಳಮೈ ನೋಡಿದರು. ಕೊನೆಗೆ ಒಂದೇ ಮಾತು ಹೇಳಿದರು.

“ಇನ್ನೊಂದು ಮಾಡ್ಕಂಡು ಬರ್ರಿ. ಮುಂದಿನ ಗುರುವಾರ. ಅದೂ ಕೂಡಲಿಲ್ಲ ಅಂದ್ರ ನಾನು ಬಳ್ಳಾರಿಗೆ ಫೋನ್ ಮಾಡ್ತೀನ್ರಿ, ಆಮ್ಯಾಲೆ ಬೇಜಾರು ಮಾಡ್ಕಬ್ಯಾಡ್ರಿ.”

ಸೂರಪ್ಪನ ಹಲ್ಲಿಗೆ ಒಂದು ತಾತ್ಕಾಲಿಕ ಕ್ಯಾಪ್ ಹಾಕಿ ಕಳಿಸಿದರು. ಅವನು ಹೋಗುವಾಗ “ಮುಂದಿನ ಗುರುವಾರ ಕಲ್ಲು ತರಬ್ಯಾಡ್ರಿ, ಹಲ್ಲು ತರ್ರಿ” ಎಂದು ಹೇಳುವುದನ್ನು ಮರೆಯಲಿಲ್ಲ.

ಮಾರನೆಯ ಬೆಳಿಗ್ಗೆ ಮೂಡಲಗಿರಿಯಪ್ಪ ಕೆಂಪು ಬಳಿದ, ಒಣಗಲು ಬಿಟ್ಟ, ಗುಲಾಬಿ ಬಳಿದ. ಅಂಚಿಗೆ ತಾಕದ ಹಾಗೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಳಿದ. ಮೇಣ, ಕುಲುಮೆ, ಹೊಳಪು, ಎಲ್ಲ ಮುಗಿದು ಭಾನುವಾರ ಮಧ್ಯಾಹ್ನ ಕ್ಯಾಪನ್ನು ಬಣ್ಣ ತೊಳೆದ ಪ್ಲಾಸ್ಟರ್ ಹಲ್ಲಿನ ಮೇಲಿಟ್ಟ. ಅಂಚು ಕೂತಿತು. ಆದರೆ ಬೆರಳಿಗೆ ಸಮಾಧಾನವಾಗಲಿಲ್ಲ. ಒಂದು ಪದರದ ಕ್ಯಾಪ್ ಕಚ್ಚಿ ಹಿಡಿಯುತ್ತಿತ್ತು, ಎಳೆದರೂ ಬರುತ್ತಿರಲಿಲ್ಲ. ಇದು ಮುಟ್ಟಿದರೆ ಸಲೀಸಾಗಿ ಮೇಲೆ ಬರುತ್ತದೆ. ಸಡಿಲ ಕೆಲಸ, ಕೆಟ್ಟ ಕೆಲಸ ಎಂದು ಅವನ ಕೈ ಗೊಣಗಿತು. ಒಂದೇ ಪದರ ಬಳಿದು ಮತ್ತೆ ಮಾಡಿಬಿಡಲೇ ಎಂದು ಎರಡು ಸಲ ಮೇಣದ ಚಾಕು ಎತ್ತಿದ.

ಊಟಕ್ಕೆ ಕರೆಯಲು ಬಂದ ಕದಿರಮ್ಮ ನಿಂತು ನೋಡಿದಳು. ರಾಯದುರ್ಗದಲ್ಲಿ ನಡೆದದ್ದೆಲ್ಲ ಅವಳಿಗೆ ಗೊತ್ತಿತ್ತು.

“ಯಾಕ್ ಮಾವ ಹಂಗ್ ನೋಡ್ತಾ ಕುಂತೆ?”

“ಸಡಿಲ ಅನ್ನಿಸ್ತೈತೆ ಕಣೆ.”

“ಅನ್ನ ಬೇಯೋವಾಗ ಬಿಗಿ ಮುಚ್ಚಳ ಮುಚ್ಚಿದ್ರೆ ಗಂಜಿಗೆ ದಾರಿ ಎಲ್ಲೈತೆ? ಮುಚ್ಚಳಾನೇ ಎತ್ತಿ ಎಸೀತೈತೆ. ಓರೆ ಮಾಡಿ ಮುಚ್ಚೋದನ್ನ ನನಗೆ ನಮ್ಮವ್ವ ಹೇಳ್ಕೊಟ್ಟಳು. ನಿನಗೆ ಮೂವತ್ತು ವರ್ಷ ಬೇಕಾತು.” ಎಂದು ಚಾಕುವನ್ನು ಅವನ ಕೈಯಿಂದ ತೆಗೆದು ಕಿಟಕಿಯ ಮೇಲಿಟ್ಟಳು. “ಏಳು, ಮುದ್ದೆ ತಣ್ಣಗಾಗ್ತೈತೆ.”

ಅವನು ಎದ್ದ. ಊಟ ಮಾಡಿ ಬಂದು ಕ್ಯಾಪನ್ನು ಡಬ್ಬಿಗೆ ಹಾಕಿ ಮುಚ್ಚಳ ಹಾಕಿದ, ಮತ್ತೆ ತೆರೆಯಲಿಲ್ಲ.

ಗುರುವಾರ ಕ್ಲಿನಿಕ್ಕಿನ ಬಾಗಿಲು ತೆಗೆದಾಗ ಬೊಮ್ಮಕ್ಕನ ಮುಖ ಸಪ್ಪಗಿತ್ತು. ಮಡಕೆ ಮೂಲೆಯಲ್ಲೇ ಇತ್ತು, ಅದರ ಮೇಲೆ ಗಾಜಿರಲಿಲ್ಲ.

“ನನ್ನ ಕೆಲಸ ಸಿರಿಂಜಿನ ಪಾಲಾತ್ರಿ ಅಣ್ಣಾರ,” ಎಂದಳು. “ಒತ್ತಿದ್ರ ತಾನಾ ಕಲಸ್ಕಂಡು ಬರ್ತೈತಿ. ಇನ್ನ ನಾನ್ಯಾಕ ಇಲ್ಲಿ?”

“ಸಿರಿಂಜು ಬಾಯಿ ಒಣಗಿಸ್ತೈತೇನಮ್ಮ?” ಎಂದ ಮೂಡಲಗಿರಿಯಪ್ಪ. “ಒಂದು ಹನಿ ಎಂಜಲು ತಾಕಿದ್ರೆ ಇದು ಹಿಡಿಯಲ್ಲ ಅಂದ್ರಲ್ಲ ಸಾರು. ಆ ಕಾವಲು ಯಾರು ಕಾಯ್ತಾರೆ? ಆ ಬೈದೋನು ಹೋದ ಮ್ಯಾಲೆ ನಿನ್ನ ಕೈಯಿಂದ ಒಂದೂ ಕ್ಯಾಪ್ ಬಿದ್ದಿಲ್ಲ. ಇದೂ ಬೀಳಬಾರ್ದು, ನೋಡ್ಕ.”

ಹೇಳಿದ್ದು ಸಮಾಧಾನಕ್ಕೋ ನಿಜಕ್ಕೋ ಎಂದು ಅವಳು ಒಂದು ಕ್ಷಣ ಅವನ ಮುಖ ನೋಡಿದಳು. ಆಮೇಲೆ ಸೆರಗು ಸಿಕ್ಕಿಸಿಕೊಂಡಳು.

ಸೂರಪ್ಪ ಕುರ್ಚಿಯಲ್ಲಿ ಒರಗಿದ. ಬೊಮ್ಮಕ್ಕ ಕೆನ್ನೆಯ ಒಳಗೊಂದು, ನಾಲಿಗೆಯ ಪಕ್ಕಕ್ಕೊಂದು ಹತ್ತಿಯ ಸುರುಳಿ ಇಟ್ಟಳು, ಎಂಜಲೆಳೆಯುವ ಕೊಳವೆ ಹಿಡಿದಳು. ಮುದುಕ ಏನೋ ಹೇಳಲು ಹೋದ. “ಮಾತಾಡಬ್ಯಾಡ ತಾತಾ, ಒಂದೈದು ನಿಮಿಷ ಬಾಯಿಗೆ ಬೀಗ” ಎಂದು ಗದರಿದಳು. ಡಾಕ್ಟರು ಕ್ಯಾಪ್ ಇಟ್ಟು ನೋಡಿದರು, ತೆಗೆದರು, ಹಲ್ಲು ಒಣಗಿ ಬಿಳಿಚಿದೆಯೇ ಎಂದು ಎರಡು ಸಲ ನೋಡಿದರು, ಸಿರಿಂಜು ಒತ್ತಿ ಕ್ಯಾಪಿನೊಳಗೆ ತೆಳ್ಳಗೆ ಸಿಮೆಂಟು ಬಳಿದು ಕೂರಿಸಿದರು. ಸುತ್ತಲಿನಿಂದ ಸಿಮೆಂಟು ಸಮವಾಗಿ ಹೊರಬಂತು. ಲೈಟನ್ನು ಎರಡು ಕ್ಷಣ ತೋರಿಸಿದರು. ಅದು ಅರೆಗಟ್ಟಿಯಾದ ಆ ಗಳಿಗೆಯಲ್ಲೇ ಬೊಮ್ಮಕ್ಕ ಅಂಚನ್ನು ಬಿಡಿಸಿ, ಹಲ್ಲುಗಳ ನಡುವೆ ದಾರ ಎಳೆದು, ಉಳಿದದ್ದನ್ನೆಲ್ಲ ಚೊಕ್ಕವಾಗಿ ತೆಗೆದಳು. ಮೊದಲ ಸಲ ಮಾಡಿದಳು ಎಂದು ಯಾರೂ ಹೇಳುವಂತಿರಲಿಲ್ಲ. ಮತ್ತೆ ಲೈಟು.

ಮೂಡಲಗಿರಿಯಪ್ಪ ಗೋಡೆಗೆ ಒರಗಿ ನಿಂತಿದ್ದ. ಡಾಕ್ಟರು ಉಗುರಿನಿಂದ ಅಂಚು ಸವರಿದರು. ಕೆಂಪು ಕಾಗದ ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿದರು. ಎತ್ತರವಿದ್ದರೆ ಆ ಒಂದು ಹಲ್ಲಿನ ಮೇಲೆ ಮಾತ್ರ ದಟ್ಟ ಕೆಂಪು ಬೀಳುತ್ತದೆ. ಡಾಕ್ಟರು ಕನ್ನಡಿ ತಿರುಗಿಸಿ ತಿರುಗಿಸಿ ನೋಡಿದರು. ತೇಯುವ ಯಂತ್ರ ಕೈಗೆ ತೆಗೆದುಕೊಂಡಿದ್ದವರು ಅದನ್ನು ಮತ್ತೆ ಸ್ಟ್ಯಾಂಡಿಗೆ ನೇತುಹಾಕಿದರು.

ಬೊಮ್ಮಕ್ಕ ಹತ್ತಿಯ ಸುರುಳಿಗಳನ್ನು ತೆಗೆದಳು. ಡಾಕ್ಟರು ಕುರ್ಚಿ ಎತ್ತಿ ಕೂರಿಸಿ, “ಏನ್ ತಾತಾ, ಕಚ್ಚಿ ನೋಡು. ಎತ್ತರ ಐತೇನು?” ಎಂದರು.

ಸೂರಪ್ಪ ಹಲ್ಲು ಕೂಡಿಸಿದ. ಬಿಟ್ಟ. ಮತ್ತೆ ಕೂಡಿಸಿದ. ಎಡಕ್ಕೆ ಆಡಿಸಿದ, ಬಲಕ್ಕೆ ಆಡಿಸಿದ. ನಾಲಿಗೆಯಿಂದ ಒಳಗೆಲ್ಲ ತಡವಿದ. ಹುಬ್ಬು ಗಂಟಿಕ್ಕಿಕೊಂಡು ಬೊಮ್ಮಕ್ಕನನ್ನು ನೋಡಿದ, ಡಾಕ್ಟರನ್ನು ನೋಡಿದ, ಗೋಡೆಗೆ ಒರಗಿದ್ದ ಮೂಡಲಗಿರಿಯಪ್ಪನನ್ನು ನೋಡಿದ. ಇನ್ನೂ ಏನೋ ಆಗಬೇಕಾಗಿದೆ ಎಂದು ಕಾಯುತ್ತಿರುವವನ ಹಾಗೆ ಕೂತೇ ಇದ್ದ.

“ಹಾಕಿದ್ರೇನ್ರಿ,” ಎಂದ ಕೊನೆಗೆ, “ಇಲ್ಲಾ ಇನ್ನಾ ಹಾಕೋದೈತೋ?”

ಡಾಕ್ಟರು ಗಹಗಹಿಸಿ ನಕ್ಕರು. ಬೊಮ್ಮಕ್ಕ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಮೂಡಲಗಿರಿಯಪ್ಪ ಮಾತ್ರ ಮುಖ ತೊಳೆಯುವವನ ಹಾಗೆ ನಲ್ಲಿಯ ಕಡೆ ತಿರುಗಿಕೊಂಡ. ಮೂವತ್ತು ವರ್ಷದ ಕಸುಬಿನಲ್ಲಿ ಅವನನ್ನು ಯಾರೂ ಇಷ್ಟು ಹೊಗಳಿರಲಿಲ್ಲ.